ನೀರು ಹಾರಿಹೋಗುತ್ತದೆ, ಉಪ್ಪು ಉಳಿಯುತ್ತದೆ: ಮಂಡ್ಯದ ಗದ್ದೆ ಚೌಳಾಗುವುದು ಯಾಕೆ?

ಮಾರ್ಚ್ ಬಿಸಿಲಿನಲ್ಲಿ ವಿ.ಸಿ. ನಾಲೆ (ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ ನಾಲೆ) ಬಯಲಿನ ತಗ್ಗು ಗದ್ದೆಗಳ ಕಡೆ ಹೋದರೆ ನೆಲ ಅಲ್ಲಲ್ಲಿ ಬೆಳ್ಳಗೆ ಕಾಣುತ್ತದೆ. ದೂರದಿಂದ ನೋಡಿದವರಿಗೆ ಯಾರೋ ಸುಣ್ಣ ಚೆಲ್ಲಿದ್ದಾರೆ ಅನ್ನಿಸಬೇಕು. ಹತ್ತಿರ ಹೋಗಿ ಬೆರಳಲ್ಲಿ ಒತ್ತಿದರೆ ಪುಡಿಪುಡಿಯಾಗಿ ಉದುರುತ್ತದೆ. ನಾಲಿಗೆಗೆ ಇಟ್ಟರೆ ಉಪ್ಪು, ಹಿಂದೆಯೇ ಸ್ವಲ್ಪ ಕಹಿ. ನಮ್ಮ ಕಡೆ ಇದಕ್ಕೆ ಚೌಳು ಅಂತಾರೆ. ಹಿಂದೆ ಮಡಿವಾಳರು ಇದೇ ಮಣ್ಣು ತಂದು ಬಟ್ಟೆ ಒಗೆಯುತ್ತಿದ್ದರು. ಅದರಲ್ಲಿ ಸೋಡಾ ಇರುವುದರಿಂದ ಕೊಳೆ ಬಿಡುತ್ತಿತ್ತು.

ನಮ್ಮದೂ ಅಂಥ ಒಂದು ತಗ್ಗು ಗದ್ದೆ ಇದೆ. ಎರಡು ವರ್ಷದಿಂದ ಅಲ್ಲಿ ಕೂಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಮೊಣಕಾಲೆತ್ತರಕ್ಕೇ ನಿಂತುಬಿಡುತ್ತಿದೆ. ಹೋದ ಬೇಸಿಗೆಯಲ್ಲಿ ಅಪ್ಪ ಬದುವಿನ ಮೇಲೆ ಕೂತು ಕೇಳಿದರು: "ಕನ್ನಂಬಾಡಿ ನೀರು ಕುಡಿಯೋಕೇ ಸಿಹಿ. ಇಷ್ಟು ವರ್ಷ ಅದನ್ನೇ ಹಾಯಿಸಿದೀವಿ. ಭೂಮಿ ಹೆಂಗ್ಲಾ ಉಪ್ಪಾಯ್ತು?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಪ್ರತಿ ವರ್ಷ ಹತ್ತನೇ ತರಗತಿಗೆ ಅಯಾನಿಕ ಸಂಯುಕ್ತಗಳ ಗುಣ ಬರೆಸುತ್ತೇನೆ. ಗಟ್ಟಿ ಇರುತ್ತವೆ, ಕರಗಿ ದ್ರವವಾಗಲು ಜಾಸ್ತಿ ಶಾಖ ಬೇಕು, ನೀರಿನಲ್ಲಿ ಕರಗಿದರೆ ಕರೆಂಟ್ ಹರಿಸುತ್ತವೆ. ಮಕ್ಕಳು ಬಾಯಿಪಾಠ ಮಾಡಿ ಎರಡು ಅಂಕ ತಗೊಂಡು ಮರೆಯುತ್ತಾರೆ. ಅಪ್ಪನ ಪ್ರಶ್ನೆಗೆ ಉತ್ತರ ಇದೇ ಪಾಠದಲ್ಲಿದೆ ಎಂದು ನನಗೂ ಅವತ್ತೇ ಹೊಳೆದದ್ದು.

ಆ ಉತ್ತರಕ್ಕೆ ಮೊದಲು ಆಲೆಮನೆಗೆ ಹೋಗೋಣ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಮೇಲೆ ಮಡ್ಡಿ ಬರುತ್ತದೆ, ಜಾಲರಿ ಹಾಕಿ ತೆಗೆಯುತ್ತಾರೆ. ಆಮೇಲೆ ಗಂಟೆಗಟ್ಟಲೆ ಆವಿ ಏಳುತ್ತಲೇ ಇರುತ್ತದೆ. ಆ ಆವಿಗೆ ಮುಖ ಒಡ್ಡಿ ನೋಡಿ. ಬೆಲ್ಲದ ಘಮ ಇರುತ್ತದೆ, ಆದರೆ ತುಟಿಗೆ ಸಿಹಿ ಹತ್ತುವುದಿಲ್ಲ. ಏಕೆಂದರೆ ಮೇಲೆ ಹೋಗುತ್ತಿರುವುದು ಹೆಚ್ಚುಕಡಿಮೆ ನೀರು ಮಾತ್ರ. ಸಕ್ಕರೆ ಕೊಪ್ಪರಿಗೆಯಲ್ಲೇ ಉಳಿಯುತ್ತದೆ. ನೀರು ಕಡಿಮೆಯಾದಷ್ಟೂ ಪಾಕ ಕುದಿಯುವ ಶಾಖ ಏರುತ್ತದೆ. ಸುಮಾರು 118 ಡಿಗ್ರಿಗೆ ಬಂದಾಗ ಪಾಕವನ್ನು ತಣ್ಣೀರಿಗೆ ಬಿಟ್ಟರೆ ಮೆತ್ತನೆ ಉಂಡೆಯಾಗುತ್ತದೆ. ಹದ ಬಂತು ಅಂತ ಇಳಿಸುತ್ತಾರೆ.

ಕಬ್ಬಿನ ಹಾಲಿನಲ್ಲಿ ಸಕ್ಕರೆಯ ಜೊತೆ ಮಣ್ಣಿನಿಂದ ಬಂದ ಲವಣಗಳೂ ಇರುತ್ತವೆ: ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್. ಅವೂ ಕೊಪ್ಪರಿಗೆ ಬಿಟ್ಟು ಕದಲುವುದಿಲ್ಲ. ಚೌಳು ನೆಲದ ಕಬ್ಬಿನ ಬೆಲ್ಲ ಉಪ್ಪುಪ್ಪು ಅನ್ನಿಸುವುದು, ಬಣ್ಣ ಕಪ್ಪಾಗುವುದು, ಮಳೆಗಾಲದಲ್ಲಿ ಬೇಗ ನೀರು ಬಿಡುವುದು ಇದರಿಂದಲೇ. ಕಾರ್ಖಾನೆಯಲ್ಲೂ ಇದೇ ತೊಂದರೆ. ಪೊಟ್ಯಾಸಿಯಂ, ಸೋಡಿಯಂ ಜಾಸ್ತಿ ಇದ್ದರೆ ಸಕ್ಕರೆ ಹರಳುಗಟ್ಟದೆ ಕೊನೆಗೆ ಉಳಿಯುವ ಕಪ್ಪು ಪಾಕದಲ್ಲೇ, ಅಂದರೆ ಕಾಕಂಬಿಯಲ್ಲೇ, ಉಳಿದುಬಿಡುತ್ತದೆ.

ನಮ್ಮ ತಗ್ಗು ಗದ್ದೆಯೂ ಒಂದು ಕೊಪ್ಪರಿಗೆಯೇ. ಒಲೆಯ ಬದಲು ಬಿಸಿಲು. ಒಂದು ದಿನದ ಬದಲು ಹತ್ತಾರು ವರ್ಷ.

ಇದು ಸುಮ್ನೆ ಹೋಲಿಕೆಗೆ ಹೇಳಿದ ಮಾತಲ್ಲ, ಲೆಕ್ಕ ಹಾಕಿ ತೋರಿಸಬಹುದು. ನಾಲೆಯ ನೀರಿನಲ್ಲಿ ಲೀಟರಿಗೆ 150 ಮಿಲಿಗ್ರಾಂ ಲವಣ ಇದೆ ಅಂತ ಇಟ್ಟುಕೊಳ್ಳಿ. ಅದು ತೀರಾ ಕಡಿಮೆ, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಒಂದು ಎಕರೆಗೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಆಳದಷ್ಟು ನೀರು ಹಾಯಿಸಿದರೆ ಸುಮಾರು 40 ಲಕ್ಷ ಲೀಟರ್ ಆಯಿತು. ಅದರ ಜೊತೆ ಬರುವ ಲವಣ ಸುಮಾರು 600 ಕೆ.ಜಿ. ಐವತ್ತು ಕೆ.ಜಿ.ಯ ಹನ್ನೆರಡು ಮೂಟೆ! ಬೆಳೆ ಅದರಲ್ಲಿ ಸ್ವಲ್ಪ ಮಾತ್ರ ಹೀರುತ್ತದೆ. ನೀರು ಎಲೆಯ ಮೂಲಕ, ನೆಲದ ಮೂಲಕ ಆವಿಯಾಗುತ್ತದೆ. ನೀರು ಬಸಿದು ಹೋಗಲು ದಾರಿ ಇದ್ದರೆ ಲವಣವೂ ಜೊತೆಗೆ ಹೋಗುತ್ತದೆ. ದಾರಿ ಇಲ್ಲದಿದ್ದರೆ ಅಲ್ಲೇ ಕೂರುತ್ತದೆ, ಮುಂದಿನ ವರ್ಷ ಇನ್ನಷ್ಟು ಮೂಟೆ ಸೇರಿಕೊಳ್ಳುತ್ತದೆ. ನೆಲದಡಿಯ ನೀರಿನ ಮಟ್ಟ ಮೇಲಕ್ಕೆ ಬಂದು ಜೌಗಾದರಂತೂ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಮೇಲೆ ಬಂದ ನೀರು ಬಿಸಿಲಿಗೆ ಹಾರಿಹೋಗುತ್ತದೆ, ಬೆಳ್ಳನೆಯ ಹಪ್ಪಳ ಉಳಿಯುತ್ತದೆ.

ನೀರು ಹಾರುತ್ತದೆ, ಉಪ್ಪು ಯಾಕೆ ಹಾರುವುದಿಲ್ಲ? ಇಲ್ಲಿ ಬಂಧದ ವಿಷಯ ಬರುತ್ತದೆ.

ಸೋಡಿಯಂ ಪರಮಾಣು ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಬಿಟ್ಟುಕೊಡುತ್ತದೆ. ಕೊಟ್ಟದ್ದಕ್ಕೆ ಧನ ಚಾರ್ಜು, ಪಡೆದದ್ದಕ್ಕೆ ಋಣ ಚಾರ್ಜು. ಇವೇ ಅಯಾನುಗಳು. ವಿರುದ್ಧ ಚಾರ್ಜುಗಳು ಒಂದನ್ನೊಂದು ಎಳೆಯುತ್ತವೆ. ಆದರೆ ಈ ಎಳೆತ ಒಂದು ಸೋಡಿಯಂಗೆ ಒಂದು ಕ್ಲೋರೈಡ್ ಅಂತ ಜೋಡಿಗೆ ನಿಲ್ಲುವುದಿಲ್ಲ. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ಹರಳಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೂ ಇದೇ ಜೋಡಣೆ. ಉಪ್ಪಿನಲ್ಲಿ 'ಒಂದು ಅಣು' ಎಂಬುದೇ ಇಲ್ಲ. ಪುಸ್ತಕದಲ್ಲಿ ಬರೆಯುವ ಸೂತ್ರ ಬರೀ ಅನುಪಾತ. ಒಂದು ತುಣುಕನ್ನು ಬಿಡಿಸಿ ಗಾಳಿಗೆ ಹಾರಿಸಬೇಕಾದರೆ ಸುತ್ತಲಿನ ಎಲ್ಲ ಎಳೆತವನ್ನೂ ಮೀರಬೇಕು. ಅದಕ್ಕೇ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಬೇಕು. ಮಂಡ್ಯದ ಬಿಸಿಲು ಎಷ್ಟೇ ಸುಟ್ಟರೂ ಉಪ್ಪಿನ ಕೂದಲೂ ಕೊಂಕುವುದಿಲ್ಲ.

ನೀರಿನ ಕತೆ ಬೇರೆ. ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಇಲ್ಲಿ ಕೊಡುವುದು ಪಡೆಯುವುದು ಇಲ್ಲ, ಎಲೆಕ್ಟ್ರಾನುಗಳನ್ನು ಹಂಚಿಕೊಂಡಿರುತ್ತವೆ. ಇದು ಸಹವೇಲೆನ್ಸಿ ಬಂಧ. ಇಂಥ ಬಂಧದಿಂದ ಮೂರು ಪರಮಾಣುಗಳ ಒಂದು ಪುಟ್ಟ ಗುಂಪು ಆಗುತ್ತದೆ, ಅದಕ್ಕೆ ಅಣು ಅಂತೀವಿ. ಗುಂಪಿನೊಳಗಿನ ಬಂಧ ಬಲವಾದದ್ದು. ಆದರೆ ಒಂದು ಗುಂಪಿಗೂ ಪಕ್ಕದ ಗುಂಪಿಗೂ ಇರುವ ಸೆಳೆತ ಅದಕ್ಕಿಂತ ಬಹಳ ಕಡಿಮೆ. ನೀರು ಕುದಿದಾಗ ಅಣುಗಳು ಒಂದರಿಂದ ಒಂದು ಬಿಟ್ಟುಹೋಗುತ್ತವೆ, ಅಷ್ಟೇ. ಒಳಗಿನ ಬಂಧ ಹಾಗೇ ಇರುತ್ತದೆ. ಆವಿಯೂ ನೀರೇ ಅಲ್ವಾ?

ಈ ಜಾಗದಲ್ಲಿ ಮಕ್ಕಳು ಪ್ರತಿ ವರ್ಷ ಒಂದೇ ತಪ್ಪು ಬರೆಯುತ್ತಾರೆ: 'ಸಹವೇಲೆನ್ಸಿ ಬಂಧ ದುರ್ಬಲ, ಆದ್ದರಿಂದ ಬೇಗ ಆವಿಯಾಗುತ್ತದೆ.' ಹಾಗಲ್ಲ. ವಜ್ರದಲ್ಲಿ ಇರುವುದೂ ಸಹವೇಲೆನ್ಸಿ ಬಂಧವೇ. ಅಲ್ಲಿ ಬಿಡಿ ಗುಂಪುಗಳಿಲ್ಲ, ಕಾರ್ಬನ್‌ಗೆ ಕಾರ್ಬನ್ ಕೈ ಹಿಡಿದು ಇಡೀ ಹರಳೇ ಒಂದಾಗಿದೆ. ಅದಕ್ಕೇ ಅಷ್ಟು ಗಟ್ಟಿ. ಬಂಧ ಯಾವುದು ಎಂಬುದರ ಜೊತೆಗೆ ಆ ಬಂಧ ಎಲ್ಲಿಯವರೆಗೆ ಹರಡಿದೆ ಎಂಬುದನ್ನೂ ಕೇಳಬೇಕು. ನನಗೆ ಇಡೀ ಪಾಠದಲ್ಲಿ ಬಹಳ ಇಷ್ಟವಾಗುವ ಮಾತು ಇದು. ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ ಎಂಬುದು ಬೇಸರ.

ಸಕ್ಕರೆಯೂ ಅಣುಗಳ ವಸ್ತುವೇ. ಒಂದು ಅಣುವಿನಲ್ಲಿ 45 ಪರಮಾಣುಗಳಿವೆ: 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್. ದೊಡ್ಡ ಗುಂಪಾದ್ದರಿಂದ ನೀರಿನ ಹಾಗೆ ಹಾರುವುದಿಲ್ಲ. ಆದರೆ ಉಪ್ಪಿನಷ್ಟು ತಡೆಯುವುದೂ ಇಲ್ಲ. ಮನೆಯಲ್ಲೇ ನೋಡಬಹುದು. ಹಳೆಯ ಸ್ಟೀಲ್ ಚಮಚದಲ್ಲಿ ಒಂದು ಚಿಟಿಕೆ ಸಕ್ಕರೆ, ಇನ್ನೊಂದರಲ್ಲಿ ಒಂದು ಚಿಟಿಕೆ ಉಪ್ಪು ಹಾಕಿ ಸ್ಟೌ ಮೇಲೆ ಹಿಡಿಯಿರಿ. ಸಕ್ಕರೆ ಸುಮಾರು 186 ಡಿಗ್ರಿಗೆ ಕರಗಿ, ಕಂದಾಗಿ, ಕೊನೆಗೆ ಕರಕಲಾಗುತ್ತದೆ. ಉಪ್ಪು ಒಳಗೆ ಸಿಕ್ಕಿಕೊಂಡ ತೇವದಿಂದ ಚಟಪಟ ಅನ್ನುತ್ತದೆಯೇ ಹೊರತು ಬಿಳಿಯಾಗೇ ಕೂತಿರುತ್ತದೆ. ಮಣ್ಣಿಗೆ ಬಿದ್ದ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಅದು ಗಾಳಿ, ನೀರು ಆಗಿ ಹೋಗುತ್ತದೆ. ಉಪ್ಪನ್ನು ತಿಂದು ಮುಗಿಸುವ ಜೀವಿ ಇಲ್ಲ. ಅದು ಕೊಳೆಯುವುದಿಲ್ಲ, ಸುಡುವುದಿಲ್ಲ, ಹಾರುವುದಿಲ್ಲ. ಅದನ್ನು ಹೊತ್ತೊಯ್ಯಲು ಆಗುವುದು ನೀರಿಗೆ ಮಾತ್ರ.

ನೀರಿಗೆ ಆ ಶಕ್ತಿ ಹೇಗೆ ಬಂತು? ನೀರಿನ ಅಣುವಿನಲ್ಲಿ ಹಂಚಿಕೆ ಸರಿಸಮ ಇಲ್ಲ. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ಸ್ವಲ್ಪ ತನ್ನ ಕಡೆಗೇ ಎಳೆದುಕೊಂಡಿರುತ್ತದೆ. ಹಾಗಾಗಿ ಅಣುವಿನ ಒಂದು ತುದಿಗೆ ಸ್ವಲ್ಪ ಋಣ, ಇನ್ನೊಂದು ತುದಿಗೆ ಸ್ವಲ್ಪ ಧನ ಚಾರ್ಜು. ಇಂಥ ಅಣುಗಳು ನೂರಾರು ಸೇರಿ ಉಪ್ಪಿನ ಹರಳನ್ನು ಮುತ್ತಿಕೊಂಡು, ಒಂದೊಂದೇ ಅಯಾನನ್ನು ಸುತ್ತುವರಿದು ಬಿಡಿಸುತ್ತವೆ. 801 ಡಿಗ್ರಿ ಶಾಖ ಮಾಡುವ ಕೆಲಸವನ್ನು ತಣ್ಣೀರು ಸದ್ದಿಲ್ಲದೆ ಮಾಡಿಬಿಡುತ್ತದೆ.

ಸಕ್ಕರೆಯೂ ನೀರಿನಲ್ಲಿ ಕರಗುತ್ತದೆ, ಆದರೆ ಅಣು ಅಣುವಾಗಿಯೇ ಉಳಿಯುತ್ತದೆ. ಚಾರ್ಜು ಇಲ್ಲ. ಒಂಬತ್ತು ವೋಲ್ಟ್ ಬ್ಯಾಟರಿ, ಒಂದು ಎಲ್‌ಇಡಿ, ಎರಡು ಮೊಳೆ ಇಟ್ಟುಕೊಂಡು ತರಗತಿಯಲ್ಲಿ ಇದನ್ನು ತೋರಿಸುತ್ತೇನೆ. ಉಪ್ಪು ನೀರಿಗೆ ಮೊಳೆ ಅದ್ದಿದರೆ ದೀಪ ಹತ್ತುತ್ತದೆ. ಸಕ್ಕರೆ ನೀರಿಗೆ ಅದ್ದಿದರೆ ಇಲ್ಲ. ಒಣ ಉಪ್ಪಿನ ಕಲ್ಲಿಗೆ ಮುಟ್ಟಿಸಿದರೂ ಇಲ್ಲ, ಏಕೆಂದರೆ ಅಲ್ಲಿ ಅಯಾನುಗಳು ಇವೆ, ಆದರೆ ಜಾಗ ಬಿಟ್ಟು ಕದಲುವ ಹಾಗಿಲ್ಲ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಇ.ಸಿ. (ವಿದ್ಯುತ್ ವಾಹಕತೆ) ಅಂತ ಒಂದು ಕಾಲಂ ಇರುತ್ತದೆ ನೋಡಿ, ಅದು ಇದೇ ಪ್ರಯೋಗದ ದೊಡ್ಡಣ್ಣ. ಮಣ್ಣನ್ನು ನೀರಿನಲ್ಲಿ ಕದಡಿ ಎಷ್ಟು ಕರೆಂಟ್ ಹರಿಯುತ್ತದೆ ಎಂದು ಅಳೆಯುತ್ತಾರೆ. ಜಾಸ್ತಿ ಹರಿದರೆ ಲವಣ ಜಾಸ್ತಿ. 2015ರಿಂದ ಮಣ್ಣು ಆರೋಗ್ಯ ಕಾರ್ಡ್ ಹಂಚುತ್ತಿದ್ದಾರೆ. ಬಹಳ ಮನೆಗಳಲ್ಲಿ ಅದು ಪಾಸ್‌ಬುಕ್ ಜೊತೆ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ದಯವಿಟ್ಟು ತೆಗೆದು ಆ ಒಂದು ಅಂಕಿ ನೋಡಿ.

ಕಬ್ಬಿನ ಬೇರಿಗೆ ಉಪ್ಪು ಏಕೆ ಅಷ್ಟು ಕಷ್ಟ? ಅದೂ ಬಂಧದ ಕತೆಯೇ. ಬೇರು ನೀರು ಎಳೆಯುವಾಗ ಮಣ್ಣಿನ ದ್ರಾವಣದಲ್ಲಿ ಎಷ್ಟು ಕಣಗಳಿವೆ ಎಂಬುದು ಮುಖ್ಯ. ಕಣ ಜಾಸ್ತಿ ಇದ್ದಷ್ಟೂ ನೀರನ್ನು ಬಿಡಿಸಿಕೊಳ್ಳುವುದು ಕಷ್ಟ. 58.5 ಗ್ರಾಂ ಉಪ್ಪು ಕರಗಿದರೆ ಪ್ರತಿ ಜೋಡಿಯೂ ಎರಡು ಅಯಾನುಗಳಾಗಿ ಒಡೆಯುತ್ತದೆ. ಅದರ ಅರ್ಧದಷ್ಟು ಕಣ ಸಿಗಬೇಕಾದರೂ 342 ಗ್ರಾಂ ಸಕ್ಕರೆ ಬೇಕು. ಲೆಕ್ಕ ಹಾಕಿದರೆ ಒಂದು ಗ್ರಾಂ ಉಪ್ಪು ಸುಮಾರು ಹನ್ನೆರಡು ಗ್ರಾಂ ಸಕ್ಕರೆಗೆ ಸಮ. ಕಬ್ಬು ತನ್ನ ಜಲ್ಲೆಯೊಳಗೆ ಅಷ್ಟೊಂದು ಸಕ್ಕರೆ ಕೂಡಿಟ್ಟುಕೊಂಡು ಆರಾಮಾಗಿರುತ್ತದೆ. ಅದೇ ಕಬ್ಬಿಗೆ ಬೇರಿನ ಹತ್ತಿರ ಲೀಟರಿಗೆ ಒಂದು ಗ್ರಾಂ ಲವಣ ಬಂದರೆ ಕಷ್ಟ ಶುರು. ಮಣ್ಣಿನ ದ್ರಾವಣದ ಇ.ಸಿ. 1.7 ದಾಟಿದ ಮೇಲೆ ಪ್ರತಿ ಒಂದು ಅಂಕಕ್ಕೆ ಇಳುವರಿ ಸುಮಾರು ಶೇ 6ರಷ್ಟು ಇಳಿಯುತ್ತದೆ ಎಂಬುದು ಒಪ್ಪಿಕೊಂಡ ಲೆಕ್ಕ. ನಾಲ್ಕು ಅಂಕ ಏರಿದರೆ ಹತ್ತಿರ ಹತ್ತಿರ ಕಾಲು ಪಾಲು ಬೆಳೆ ಹೋಯಿತು. ಒಂದು ಎಚ್ಚರಿಕೆ: ಕಾರ್ಡಿನ ಪರೀಕ್ಷೆಯಲ್ಲಿ ಮಣ್ಣಿಗೆ ಜಾಸ್ತಿ ನೀರು ಬೆರೆಸಿರುತ್ತಾರೆ, ಹಾಗಾಗಿ ಅಲ್ಲಿನ ಅಂಕಿ ಇದಕ್ಕಿಂತ ಕಡಿಮೆ ಕಾಣುತ್ತದೆ. ಎರಡನ್ನೂ ಒಂದೇ ಅಂದುಕೊಳ್ಳಬಾರದು.

ಗಿಡ ತೇವದ ನೆಲದಲ್ಲೇ ಬಾಡುವುದನ್ನು ನೋಡಿ ನಾವು ಇನ್ನಷ್ಟು ನೀರು ಬಿಡುತ್ತೇವೆ. ಬಸಿಯಲು ದಾರಿ ಇಲ್ಲದ ಕಡೆ ಅದು ಇನ್ನಷ್ಟು ಉಪ್ಪನ್ನು ಕರೆತರುತ್ತದೆ. ನಾವೂ ಎರಡು ವರ್ಷ ಇದೇ ತಪ್ಪು ಮಾಡಿದೆವು. ಸಾಲದ್ದಕ್ಕೆ ಗೊಬ್ಬರದ ಅಂಗಡಿಯವರೊಬ್ಬರು 'ಬೆಳವಣಿಗೆ ಇಲ್ಲ ಅಂದ್ರೆ ಪೊಟ್ಯಾಷ್ ಇನ್ನೊಂದು ಮೂಟೆ ಹಾಕಿ' ಅಂದರು, ಹಾಕಿದೆವು. ಕೆಂಪು ಬಣ್ಣದ ಆ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಅಣ್ಣತಮ್ಮ. ಒಳ್ಳೆ ನೆಲಕ್ಕೆ ಬೇಕಾದ ಗೊಬ್ಬರವೇ ಹೌದು, ಚೌಳು ನೆಲಕ್ಕೆ ಮಾತ್ರ ಉಪ್ಪಿನ ಮೇಲೆ ಉಪ್ಪು. ಯೂರಿಯಾ ಹಾಗಲ್ಲ, ಅದು ಅಣುಗಳ ವಸ್ತು. 133 ಡಿಗ್ರಿಗೇ ಕರಗುತ್ತದೆ, ಚಾರ್ಜು ಇಲ್ಲದ್ದರಿಂದ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದೂ ಇಲ್ಲ. ಹಾಕಿದ ದಿನವೇ ಜೋರು ನೀರು ಬಿಟ್ಟರೆ ಕೊಚ್ಚಿ ಹೋಗುತ್ತದೆ. ಕೆಲವು ದಿನ ಕಳೆದು ಅಮೋನಿಯಂ ಅಯಾನಾದ ಮೇಲೆ ಮಣ್ಣಿನ ಕಣ ಅದನ್ನು ಹಿಡಿಯುತ್ತದೆ.

ಹಿಡಿಯುವ ವಿಷಯಕ್ಕೆ ಬಂದರೆ ಚೌಳಿನ ಇನ್ನೊಂದು ಮುಖ ಕಾಣುತ್ತದೆ. ಜೇಡಿ ಮಣ್ಣಿನ ಕಣಗಳ ಮೈಮೇಲೆ ಋಣ ಚಾರ್ಜು ಇರುತ್ತದೆ. ಒಳ್ಳೆ ನೆಲದಲ್ಲಿ ಅಲ್ಲಿ ಹೆಚ್ಚಾಗಿ ಕ್ಯಾಲ್ಸಿಯಂ ಕೂತಿರುತ್ತದೆ. ಅದರ ಚಾರ್ಜು ಎರಡು, ಹಾಗಾಗಿ ಕಣಗಳನ್ನು ಬಿಗಿಯಾಗಿ ಕಟ್ಟುತ್ತದೆ. ಮಣ್ಣು ಹರಳುಹರಳಾಗಿ ಉಸಿರಾಡುತ್ತದೆ. ಸೋಡಿಯಂ ಜಾಸ್ತಿಯಾಗಿ ಕ್ಯಾಲ್ಸಿಯಂ ಜಾಗಕ್ಕೆ ಬಂದರೆ, ಅದರ ಚಾರ್ಜು ಒಂದೇ, ಹಿಡಿತ ಸಡಿಲ. ಕಣಗಳು ಬಿಡಿಬಿಡಿಯಾಗಿ ತೇಲಿ ಸಂದುಗಳನ್ನು ಮುಚ್ಚುತ್ತವೆ. ಮಳೆ ಬಂದರೆ ಗಾರೆ, ಒಣಗಿದರೆ ಕಲ್ಲು. ನೀರು ಒಳಗೇ ಇಳಿಯುವುದಿಲ್ಲ. ಹುಳಿ-ಕ್ಷಾರದ ಅಳತೆಯಾದ ಪಿ.ಎಚ್. 8.5 ದಾಟಿರುತ್ತದೆ. ಇದು ಕ್ಷಾರದ ಚೌಳು.

ಇದಕ್ಕೆ ಜಿಪ್ಸಮ್ ಹಾಕಿ ಅನ್ನುತ್ತಾರೆ, ಸರಿಯಾದ ಸಲಹೆ. ಜಿಪ್ಸಮ್ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಕರಗಿದಾಗ ಬರುವ ಕ್ಯಾಲ್ಸಿಯಂ, ಸೋಡಿಯಂ ಅನ್ನು ಮಣ್ಣಿನ ಕಣದಿಂದ ಕೆಳಗಿಳಿಸುತ್ತದೆ. ಆದರೆ ಅಯಾನಿಕ ಅಂದ ಮಾತ್ರಕ್ಕೆ ಎಲ್ಲವೂ ಸುಲಭವಾಗಿ ಕರಗುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಅಡುಗೆ ಉಪ್ಪು 360 ಗ್ರಾಂ ಕರಗಿದರೆ ಜಿಪ್ಸಮ್ ಸುಮಾರು 2.4 ಗ್ರಾಂ ಮಾತ್ರ. ಸುಣ್ಣಕಲ್ಲು ಗ್ರಾಂನ ನೂರನೇ ಒಂದು ಭಾಗದ ಲೆಕ್ಕ. ಎರಡೆರಡು ಚಾರ್ಜಿನ ಅಯಾನುಗಳ ಹಿಡಿತ ಅಷ್ಟು ಬಿಗಿ. ನೆಲದಲ್ಲಿ ಸುಣ್ಣಕಲ್ಲು ಧಾರಾಳವಾಗಿದ್ದರೂ ಚೌಳಿಗೆ ಅದು ಮದ್ದಾಗದಿರುವುದು ಇದಕ್ಕೇ. ಎಕರೆಗೆ ಒಂದು ಟನ್ ಜಿಪ್ಸಮ್ ಹಾಕಿದರೆ ಅದು ಕರಗುವುದಕ್ಕೇ ನಾಲ್ಕು ಲಕ್ಷ ಲೀಟರ್ ನೀರು ಬೇಕು. ಗದ್ದೆ ತುಂಬ ನಾಲ್ಕು ಅಂಗುಲ ನಿಲ್ಲಿಸಿದಷ್ಟು. ಕೆಳಗಿಳಿದ ಸೋಡಿಯಂ ಆಮೇಲೆ ಎಲ್ಲಿಗೆ ಹೋಗಬೇಕು? ಬಸಿಗಾಲುವೆ ಇಲ್ಲದಿದ್ದರೆ ಎಲ್ಲಿಗೂ ಇಲ್ಲ, ಅಲ್ಲೇ ಸುತ್ತಾಡಿಕೊಂಡಿರುತ್ತದೆ.

ಅದಕ್ಕೇ ನನ್ನ ಅಭಿಪ್ರಾಯ ಇದು: ದುಡ್ಡು ಮೊದಲು ಬಸಿಗಾಲುವೆಗೆ ಹೋಗಬೇಕು, ಜಿಪ್ಸಮ್ ಮೂಟೆ ಆಮೇಲೆ. ಸಬ್ಸಿಡಿ ಮೂಟೆ ಹಂಚಿದರೆ ಫೋಟೋ ಬರುತ್ತದೆ, ಹೂಳು ತುಂಬಿದ ಬಸಿಗಾಲುವೆ ಎತ್ತಿಸಿದರೆ ಕಣ್ಣಿಗೆ ಕಾಣುವುದಿಲ್ಲ. ಅದೂ ಒಬ್ಬರ ಗದ್ದೆಯಲ್ಲಿ ಮುಗಿಯುವ ಕೆಲಸವಲ್ಲ. ಮೇಲಿನವರು ಬಸಿದದ್ದು ಕೆಳಗಿನವರ ಗದ್ದೆಗೇ ನುಗ್ಗುತ್ತದೆ, ಅದಕ್ಕೆ ಹಳ್ಳದವರೆಗೂ ಒಂದೇ ಸಾಲು ಬೇಕು. ವಿಶ್ವೇಶ್ವರಯ್ಯನವರು ಕನ್ನಂಬಾಡಿಗೂ ಮೊದಲು ಮುಂಬೈ ಪ್ರಾಂತ್ಯದ ನಾಲೆಗಳಲ್ಲಿ ಬ್ಲಾಕ್ ಪದ್ಧತಿ ತಂದಿದ್ದರು: ನಾಲೆ ಬಯಲನ್ನು ಭಾಗ ಮಾಡಿ, ಬೆಳೆ ಬದಲಿಸಿ, ಲೆಕ್ಕದಿಂದ ನೀರು ಕೊಡುವುದು. ಅತಿಯಾದ ನೀರು ನೆಲವನ್ನು ಕೆಡಿಸುತ್ತದೆ ಎಂಬುದು ಆಗಲೇ ಗೊತ್ತಿತ್ತು. ಈಗ ನಾಲೆಯ ತಲೆಭಾಗದಲ್ಲಿ ಅಗತ್ಯಕ್ಕಿಂತ ಜಾಸ್ತಿ ನೀರು ನಿಂತಿರುತ್ತದೆ, ಬಾಲಭಾಗದವರು ಬೋರಿನ ಗಡಸು ನೀರು ಹಾಯಿಸುತ್ತಾರೆ. ಎರಡರಿಂದಲೂ ಚೌಳು.

ಇದೇ ಕಣ್ಣಿನಿಂದ ನೋಡಿದರೆ ಬೆಲ್ಲದ ಹೈಡ್ರೋಸ್ ಗಲಾಟೆಯೂ ಅರ್ಥವಾಗುತ್ತದೆ. ಬೆಲ್ಲ ಹಳದಿಯಾಗಿ ಹೊಳೆಯಲಿ ಅಂತ ಪಾಕಕ್ಕೆ ಹಾಕುವ ಆ ಪುಡಿ ಸೋಡಿಯಂ ಹೈಡ್ರೋಸಲ್ಫೈಟ್, ಅಯಾನಿಕ ವಸ್ತು. 'ಕುದಿಯುವಾಗ ಹಾಕ್ತೀವಿ, ಹಾರಿ ಹೋಗುತ್ತೆ' ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಅದರಿಂದ ಹುಟ್ಟುವ ಗಂಧಕದ ಡೈಆಕ್ಸೈಡ್ ಅಣುಗಳ ಅನಿಲ, ಅದರಲ್ಲಿ ಒಂದಿಷ್ಟು ಹಾರುವುದು ನಿಜ, ಮೂಗಿಗೆ ಗೊತ್ತಾಗುತ್ತದೆ. ಸೋಡಿಯಂ ಮತ್ತು ಸಲ್ಫೈಟ್ ಹಾರುವ ಜಾತಿಯಲ್ಲ, ಅಚ್ಚಿನೊಳಗೇ ಕೂರುತ್ತವೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ 70 ಭಾಗ ಮೀರಬಾರದು ಎಂದು ನಿಯಮವಿದೆ. ಹಾಗೆ ಬೆಳ್ಳಗಾದ ಬೆಲ್ಲ ಗಾಳಿಗೆ ತೆರೆದಿಟ್ಟರೆ ಮತ್ತೆ ಕಪ್ಪಗಾಗುತ್ತದೆ. ಬೆಂಡೆ ಗಿಡದ ಲೋಳೆಯಿಂದ ಮಡ್ಡಿ ತೆಗೆದ ಕಂದು ಬೆಲ್ಲವನ್ನೇ ನಾವು ಕೇಳಿ ತೆಗೆದುಕೊಳ್ಳಬೇಕು. ಗಿರಾಕಿ ಬಣ್ಣ ಕೇಳುವವರೆಗೂ ಆಲೆಮನೆಯವರನ್ನು ಮಾತ್ರ ಬೈದು ಉಪಯೋಗವಿಲ್ಲ.

ಕಾಕಂಬಿಯಿಂದ ಎಥನಾಲ್ ತೆಗೆಯುವ ಕಡೆಯೂ ಇದೇ ನಡೆಯುತ್ತದೆ. ಎಥನಾಲ್ ಅಣುಗಳ ದ್ರವ, 78 ಡಿಗ್ರಿಗೇ ಹಾರಿ ಪೆಟ್ರೋಲ್ ಜೊತೆ ಸೇರಲು ಹೋಗುತ್ತದೆ. ಪೊಟ್ಯಾಸಿಯಂ ಹಿಂದೆ ಉಳಿಯುತ್ತದೆ. ಆ ಉಳಿಕೆಯನ್ನು ಸುಟ್ಟ ಬೂದಿಯಿಂದ ಈಗ ಪೊಟ್ಯಾಷ್ ಗೊಬ್ಬರ ಮಾಡುತ್ತಿದ್ದಾರೆ. ನಮ್ಮ ಗದ್ದೆಯಿಂದ ಹೋದದ್ದು ಗದ್ದೆಗೆ ವಾಪಸ್ ಬರುವ ದಾರಿ, ಒಳ್ಳೆಯದೇ. ಯಾವ ಗದ್ದೆಗೆ ಎಂಬುದನ್ನು ಮಾತ್ರ ಇ.ಸಿ. ನೋಡಿ ತೀರ್ಮಾನಿಸಬೇಕು.

ಅಪ್ಪನಿಗೆ ಇಷ್ಟನ್ನೂ ಒಂದೇ ದಿನ ಹೇಳಲಿಲ್ಲ. ಆಲೆಮನೆಯ ಕೊಪ್ಪರಿಗೆಯ ಮಾತು ಹೇಳಿದ ಕೂಡಲೇ ಅವರಿಗೆ ಹತ್ತಿತು. "ಅಂದ್ರೆ ತೂತಿಲ್ಲದ ಕೊಪ್ಪರಿಗೆ ಆಗೈತೆ ನಮ್ಮ ಗದ್ದೆ" ಅಂದರು. ಪಕ್ಕದ ಮೂವರ ಜೊತೆ ಮಾತಾಡಿ, ಜೆಸಿಬಿ ಬಾಡಿಗೆ ಹಂಚಿಕೊಂಡು, ಮುಚ್ಚಿಹೋಗಿದ್ದ ಬಸಿಗಾಲುವೆಯನ್ನು ಹಳ್ಳದವರೆಗೆ ಎತ್ತಿಸಿದರು. ಹಸಿರೆಲೆ ಗೊಬ್ಬರದ ಗಿಡ ಡಯಂಚ ಚೆಲ್ಲಿ, ಹೂ ಬರುವ ಮೊದಲು ಮಣ್ಣಿಗೆ ತುಳಿಸಿದೆವು. ಜಿಪ್ಸಮ್ ಹಾಕಿ ನೀರು ನಿಲ್ಲಿಸಿ ಬಸಿಯಲು ಬಿಟ್ಟೆವು.

ನಾಲ್ಕನೇ ದಿನ ಶಾಲೆಯ ಇ.ಸಿ. ಮೀಟರ್ ತಗೊಂಡು ಹೋದೆ. ನಾಲೆಯ ನೀರಿಗೆ ಅದ್ದಿದರೆ ಅಂಕಿ ಸೊನ್ನೆ ಪಾಯಿಂಟ್ ಎಷ್ಟೋ ಎಂಬಲ್ಲಿಗೇ ನಿಂತಿತು. ಬಸಿಗಾಲುವೆಯ ಕಂದು ನೀರಿಗೆ ಅದ್ದಿದೆ. ಅಂಕಿ ಒಂದು ದಾಟಿತು, ಎರಡು ದಾಟಿತು, ಇನ್ನೂ ಏರಿತು. ಅಪ್ಪ ಗಾಬರಿಯಾದರು, "ಜಾಸ್ತಿ ಆಯ್ತಲ್ಲೋ?" "ಇದು ಹೊರಗೆ ಹೋಗ್ತಿರೋ ನೀರು, ಅಪ್ಪ" ಅಂದೆ. ಅವರು ಬಗ್ಗಿ ಬೊಗಸೆಯಲ್ಲಿ ಒಂದಿಷ್ಟು ಎತ್ತಿ ನಾಲಿಗೆಗೆ ಮುಟ್ಟಿಸಿದರು. ಉಗಿದು, ಬಾಯಿ ಒರೆಸಿಕೊಂಡು, "ಹೋಗ್ಲಿ ಹೋಗ್ಲಿ" ಅಂದರು.